ಹತ್ತನೆಯ ಸಾಲು

ರೈಲು ಕಾಯಂಕುಳಂ ದಾಟಿದರೂ ನಿತ್ಯಾನಂದನ ಹೆದರಿಕೆ ಇಳಿಯಲಿಲ್ಲ. ಹೆದರುವಂಥದ್ದು ಏನೂ ಆಗಿಲ್ಲವಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕೊಚ್ಚಿಯ ಕನ್ನಡ ಸಂಘದವರು ಕವಿತೆಯ ಸ್ಪರ್ಧೆಗೆ ತೀರ್ಪುಗಾರನೆಂದು ಕರೆದಿದ್ದಾರೆ, ಹೋಗಬೇಕು, ಬಹುಮಾನ ಬಂದ ಕವಿತೆಯನ್ನು ಸಭೆಗೆ ಬಿಡಿಸಿ ಹೇಳಬೇಕು, ಊಟ ಮಾಡಿ ಸಂಜೆಯ ರೈಲು ಹಿಡಿಯಬೇಕು. ಇಷ್ಟಕ್ಕೆ ಯಾರಾದರೂ ಹೆದರುತ್ತಾರೆಯೇ? ಆದರೆ ಅವನು ಹೆದರುವ ಜಾತಿಯವನೇ. ಕಾಸರಗೋಡಿನ ಕಡೆಯಿಂದ ಬಂದು ರಾಜಧಾನಿಯ ಪಟ್ಟಂ ಬಡಾವಣೆಯ ಶಾಲಾ ಪುಸ್ತಕದ ಕಚೇರಿಯಲ್ಲಿ ಕೂತು ಹನ್ನೊಂದು ವರ್ಷವಾದರೂ, ಮೇಲಿನವರು ಕರೆದರೆ ಅವನ ಅಂಗೈ ಈಗಲೂ ಬೆವರುತ್ತಿತ್ತು. ಕಚೇರಿಯಲ್ಲಿ ಕನ್ನಡ ವಿಭಾಗ ಎಂದರೆ ಒಂದು ಮೇಜು, ಒಂದು ಕಪಾಟು ಮತ್ತು ಅವನು. 'ಕನ್ನಡಂ ಸಾರೇ' ಎಂದು ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಿದ್ದರು, ಅವನ ಹೆಸರು ಮಾತ್ರ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಓದುವ ಪದ್ಯಗಳ ಕೆಳಗೆ ಅಭ್ಯಾಸದ ಪ್ರಶ್ನೆ ಬರೆಯುವುದು ಅವನ ಕೆಲಸ. ಪ್ರತಿಮೆ, ಲಯ, ಪುನರಾವರ್ತನೆಗಳು ಈ ಕವಿತೆಯ ಆಶಯವನ್ನು ಹೇಗೆ ಬೆಳೆಸುತ್ತವೆ? ವಿವರಿಸಿ. ಪ್ರಶ್ನೆಯೂ ಅವನದೇ, ಅಧ್ಯಾಪಕರ ಕೈಪಿಡಿಯಲ್ಲಿ ಉತ್ತರವೂ ಅವನದೇ. ಕೈಪಿಡಿಯಲ್ಲಿದ್ದ ಉತ್ತರ ತಪ್ಪು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಅದನ್ನು ಯಾರೂ ಓದುತ್ತಿರಲಿಲ್ಲ.

ಪದ್ಯಗಳನ್ನು ರಿಪೇರಿ ಮಾಡುವುದೂ ಅವನ ಅಭ್ಯಾಸ. ಉದ್ದವಾದದ್ದನ್ನು ಪುಟಕ್ಕೆ ಹಿಡಿಸುವಂತೆ ಕತ್ತರಿಸುತ್ತಿದ್ದ, ಮಕ್ಕಳಿಗೆ ಬೇಸರವಾಗುವ ಕಡೆ ಒಂದು ಸಾಲು ಸಮಾಧಾನ ಸೇರಿಸುತ್ತಿದ್ದ. ಊರ ಕಡೆಯ ಪೆರ್ಲದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕೂತ ಮುದುಕ ಕವಿಯೊಬ್ಬರು, ಪಾಯಸ ಬಡಿಸುವಾಗ, "ನೀವಲ್ವಾ ನನ್ನ ಪದ್ಯಕ್ಕೆ ಬಾಲ ಅಂಟಿಸಿದ್ದು?" ಎಂದು ಇಡೀ ಪಂಕ್ತಿಗೆ ಕೇಳುವಂತೆ ಕೇಳಿದ್ದರು. ಅವನು ನಕ್ಕು ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದಿದ್ದ. ಅಷ್ಟಾದರೂ ಬುದ್ಧಿ ಬರಲಿಲ್ಲ. ಈ ಸಲ ಸಂಘದಿಂದ ಬಂದ ಇಪ್ಪತ್ತು ಚಿಲ್ಲರೆ ಕವಿತೆಗಳಲ್ಲಿ ಮನಸ್ಸು ಹಿಡಿದದ್ದು ಒಂದೇ. ಹೆಸರಿರಲಿಲ್ಲ. ಹೆಸರು ಮುಚ್ಚಿಟ್ಟು ಕಳಿಸುವುದು ಅವರ ಪದ್ಧತಿ. ತೀರ್ಪುಗಾರ ಬಂದು ಕವಿತೆಯನ್ನು ಎಲ್ಲರ ಮುಂದೆ ವಿವರಿಸಿದ ಮೇಲೆಯೇ ಅಧ್ಯಕ್ಷೆ ಕವಿಯ ಹೆಸರು ಕರೆಯುತ್ತಾರಂತೆ, ಸಭೆಯಲ್ಲಿ ಯಾರೋ ಎದ್ದು ನಿಲ್ಲುತ್ತಾರಂತೆ. ಅಲ್ಲಿಯವರೆಗೆ ಪಕ್ಕದಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ. ಅವನಿಗೆ ಆ ಪದ್ಧತಿ ತುಂಬ ಇಷ್ಟವಾಗಿತ್ತು. ಈಗ ಮಡಿಲಲ್ಲಿದ್ದ ಹಾಳೆಯನ್ನು ಅವನು ಮತ್ತೆ ಬಿಚ್ಚಿದ.

ಒಂದು: ಟೀವಿಯ ದನಿ ಪೂರ್ತಿ ಇಳಿಸಿದೆ
ಎರಡು: ಮಗುವಿನ ಗೊಂಬೆಗಳನ್ನು ಮಂಚದಡಿಗೆ ತಳ್ಳಿದೆ
ಮೂರು: ಅನ್ನ ಬಿಸಿ ಇದೆಯೇ ಮುಟ್ಟಿ ನೋಡಿದೆ
ನಾಲ್ಕು: ಬಿಚ್ಚಿದ ಕೂದಲು ಕಟ್ಟಿದೆ
ಐದು: ಕಿಟಕಿ ಹಾಕಿದೆ

ಆರು: ಬಳೆ ತೆಗೆದಿಟ್ಟೆ
ಏಳು: ಮಗುವಿಗೆ ಕಣ್ಣು ಮುಚ್ಚು ಎಂದೆ
ಎಂಟು: ನಕ್ಕೆ
ಒಂಬತ್ತು: ನಿಂತೆ

ಇಷ್ಟಕ್ಕೇ ನಿಂತಿತ್ತು. ಹತ್ತು ಇರಲಿಲ್ಲ. ಟೈಪು ಮಾಡುವಾಗ ಕೈತಪ್ಪಿರಬೇಕು ಅಥವಾ ಹೊಸಬರಿಗೆ ಮುಗಿಸಲು ತೋಚಿರಲಿಕ್ಕಿಲ್ಲ ಎಂದುಕೊಂಡು ಅವನು ಅದನ್ನು ಮುಗಿಸಿಕೊಟ್ಟಿದ್ದ. 'ಹತ್ತು: ದೀಪ ಹಚ್ಚಿದೆ.' ಬರೆದ ಮೇಲೆ ಇಡೀ ಕವಿತೆಗೆ ಕಳೆ ಬಂತು ಎಂದು ಅವನಿಗೆ ಅನ್ನಿಸಿತ್ತು. ಈ ಅಂಕಿಗಳು ಫ್ಲಾಟಿನ ಲಿಫ್ಟು ಏರುವ ಮಹಡಿಗಳು. ಗಂಡ ಕೆಳಗೆ ಬಂದಿದ್ದಾನೆ, ಹೆಂಡತಿ ಮೇಲೆ ಕಾಯುತ್ತಿದ್ದಾಳೆ. ಅವನು ಹತ್ತಿರವಾದಂತೆ ಉಸಿರು ಚಿಕ್ಕದಾಗುತ್ತದೆ, ಸಾಲುಗಳೂ ಚಿಕ್ಕದಾಗುತ್ತವೆ. ಐದರ ನಂತರದ ಖಾಲಿ ಜಾಗ ವಿರಹದ ನಿಟ್ಟುಸಿರು. ಕಿಟಕಿ ಹಾಕಿದ್ದು ದೀಪ ಗಾಳಿಗೆ ಆರಬಾರದೆಂದು. ಬಳೆ ವಿಷಯದಲ್ಲಿ ಹಳೆಯ ಕಾವ್ಯಗಳಲ್ಲಿ ವಿರಹಿಣಿಯ ಬಳೆ ಜಾರುವ ಸಂಪ್ರದಾಯವನ್ನೇ ತಂದು ನಿಲ್ಲಿಸಿದ್ದ. ಹೀಗೆ ಹತ್ತು ಸಾಲಿನ ಕವಿತೆ ಸಂಘದ ಕೈಗೆ ಹೋಗಿ, ಅಚ್ಚಾಗಿ, ಇವತ್ತು ಎಲ್ಲರ ಕೈಗೂ ಬರಲಿತ್ತು. ಕವಿ ಎದ್ದು ಆ ಸಾಲು ತನ್ನದಲ್ಲ ಎಂದರೆ? ಪೆರ್ಲದ ಪಾಯಸದ ವಾಸನೆ ಮೂಗಿಗೆ ಬಂದಂತಾಯಿತು. ಅವನ ಹೆದರಿಕೆ ಅಷ್ಟೇ ಆಗಿತ್ತು, ಒಂದು ಸಣ್ಣ ಅವಮಾನದ ಹೆದರಿಕೆ.

ಎರ್ನಾಕುಲಂ ನಿಲ್ದಾಣದಲ್ಲಿ ಅವನನ್ನು ಎದುರುಗೊಂಡವನು ಸಂಘದ ಕಾರ್ಯದರ್ಶಿ ಪ್ರಮೋದ್. ಮೈಸೂರಿನವನು, ಬಂದರಿನ ಒಂದು ಹಡಗಿನ ಕಂಪನಿಯಲ್ಲಿ ಕೆಲಸ, ನಗುಮುಖ. "ಬನ್ನಿ ಬನ್ನಿ ಸಾರ್, ಬ್ಯಾಗ್ ಕೊಡಿ ಈ ಕಡೆ. ತಿಂಡಿ ಆಯ್ತಾ? ಸುಳ್ಳು ಹೇಳ್ಬೇಡಿ," ಎನ್ನುತ್ತ ಬಲವಂತವಾಗಿ ಒಂದು ಚಾಯ, ಬಾಳೆಹಣ್ಣು ಕರಿದ ಒಂದು ಪಳಂಪೊರಿ ಕೊಡಿಸಿದ. ಇಂಥವರ ಎದುರು ನಿತ್ಯಾನಂದನಿಗೆ ಯಾವಾಗಲೂ ತಾನು ಕಡಿಮೆ ಎನ್ನಿಸುತ್ತಿತ್ತು. ಕಾರು ವಿಲ್ಲಿಂಗ್ಡನ್ ಐಲ್ಯಾಂಡಿನ ಸೇತುವೆಯ ಮೇಲೆ ಕಂಟೇನರ್ ಲಾರಿಗಳ ಹಿಂದೆ ಸಿಕ್ಕಿಬಿದ್ದಾಗ ಪ್ರಮೋದನಿಗೆ ಫೋನು ಬಂತು, ಪರದೆಯ ಮೇಲೆ ನಿಕಿತಾ ಎಂಬ ಹೆಸರು. ದನಿ ಕಾರಿನ ಸ್ಪೀಕರಿನಲ್ಲಿ ಕೇಳಿಸಿತು. "ರೀ, ನಾವು ಹಾಲಿಗೆ ಬಂದ್ವಿ. ಅದು... ಸ್ಮರಣಿಕೆ ಡಬ್ಬ ಮನೇಲೇ ಮರೆತುಬಂದೆ." ಪ್ರಮೋದ್ ಮೆತ್ತಗೆ, "ಹೌದಾ? ಪರವಾಗಿಲ್ಲ ಬಿಡು," ಎಂದ. ಆದರೆ ಫೋನು ಕಡಿಯಲಿಲ್ಲ. ಸ್ಟಿಯರಿಂಗಿನಿಂದ ಕೈ ತೆಗೆದು ಎಡಗೈಯ ಕಿರುಬೆರಳನ್ನು ಹಿಡಿದು ನೆಟಿಕೆ ಮುರಿದ.

"ಈಗ್ಲೇ ಆಟೋ ಹಿಡ್ಕೊಂಡು ಹೋಗಿ ತರ್ತೀನಿ ರೀ," ಎಂದಳು ಅವಳು. ಪ್ರಮೋದ್ ಮುಂದಿನ ಬೆರಳು ಹಿಡಿದ. ಅವಳ ಹಿಂದೆ ಕೇಳುತ್ತಿದ್ದ ಸಭಾಂಗಣದ ಗದ್ದಲ ಕಡಿಮೆಯಾಯಿತು, ಎಲ್ಲೋ ಮೂಲೆಗೆ ಹೋಗಿರಬೇಕು. ಮೂರನೆಯ ಬೆರಳು. "ಪಾಪು ಹಠ ಮಾಡ್ತಿದ್ಲು, ಅದ್ರಲ್ಲಿ..." ನಾಲ್ಕು. ಹೆಬ್ಬೆರಳು. ನಂತರ ಅವನು ಕೈ ಬದಲಾಯಿಸಿದ. ಬದಲಾಯಿಸಲು ಒಂದು ಕ್ಷಣ ಬೇಕಾಯಿತು, ಆ ಒಂದು ಕ್ಷಣ ಆ ಕಡೆಯೂ ಉಸಿರಿನ ಸದ್ದಿರಲಿಲ್ಲ. ಬೇಡವೆಂದರೂ ನಿತ್ಯಾನಂದನ ಕಿವಿ ಎಣಿಸುತ್ತಿತ್ತು, ಯಾಕೆಂದರೆ ಕಿವಿಗೆ ಈ ಲಯ ಗೊತ್ತಿತ್ತು, ಹದಿನೈದು ದಿನ ಅದನ್ನೇ ಬಾಯಲ್ಲಿ ಹೇಳಿಕೊಂಡು ತಿರುಗಿದ್ದ. ಐದು, ಒಂದು ಖಾಲಿ ಜಾಗ, ಮತ್ತೆ ಕಿರುಬೆರಳು. ಆರು. ಏಳು. ಎಂಟಕ್ಕೆ ಅವಳು ನಕ್ಕಳು, ಏನೂ ಆಗಿಲ್ಲ ಎಂಬಂಥ ಪುಟ್ಟ ನಗೆ. ಒಂಬತ್ತಕ್ಕೆ ಏನೂ ಕೇಳಿಸಲಿಲ್ಲ. ಕೊನೆಯ ಹೆಬ್ಬೆರಳು ಮುರಿದಾದ ಮೇಲೆ ಪ್ರಮೋದ್ ಅಂಗೈ ಬಿಡಿಸಿ ಸ್ಟಿಯರಿಂಗಿನ ಮೇಲೆ ಪಟ್ಟನೆ ಒಂದು ಪೆಟ್ಟು ಕೊಟ್ಟ. ಜೋರಾಗಿಯೇನೂ ಅಲ್ಲ. "ಆಮೇಲೆ ಮಾತಾಡೋಣ," ಎಂದು ಫೋನಿಟ್ಟ. "ಸಾರಿ ಸಾರ್, ಮನೆಯವ್ರು. ಸ್ವಲ್ಪ ಮರೆವು ಜಾಸ್ತಿ ಅವಳಿಗೆ." ಮುಖದ ನಗು ಹಾಗೇ ಇತ್ತು.

ಲಾರಿಗಳು ಕದಲಿದವು. ನಿತ್ಯಾನಂದ ಕೇಳಿದ, "ನಿಮ್ಮ ಫ್ಲಾಟು ಎಷ್ಟನೇ ಮಾಳಿಗೆ?" ಪ್ರಮೋದ್, "ಎರಡನೇದು ಸಾರ್. ಲಿಫ್ಟಿದೆ, ನಾವು ಹತ್ತೋದೇ ಇಲ್ಲ. ಯಾಕೆ?" ಎಂದ. "ಎಂತ ಇಲ್ಲ, ಸುಮ್ಮನೆ." ಕವಿತೆಯಲ್ಲಿ ಲಿಫ್ಟೂ ಇರಲಿಲ್ಲ, ವಿರಹವೂ ಇರಲಿಲ್ಲ. ಕಿಟಕಿ ಹಾಕಿದ್ದು ಪಕ್ಕದ ಮನೆಯವರಿಗೆ ಕೇಳಬಾರದೆಂದು. ಬಳೆ ತೆಗೆದಿಟ್ಟದ್ದು ಒಡೆದು ಕೈಗೆ ಚುಚ್ಚಬಾರದೆಂದು. ಮಗುವಿಗೆ ಕಣ್ಣು ಮುಚ್ಚು ಎಂದದ್ದು ಯಾವ ಆಟಕ್ಕೂ ಅಲ್ಲ. ಒಂದೊಂದು ಸಾಲೂ ತಾನೇ ಬಾಯಿಬಿಟ್ಟು ಹೇಳುತ್ತಿತ್ತು, ಸಂಜೆ ಸಂಜೆ ಅದನ್ನು ಎದುರಿಗಿಟ್ಟುಕೊಂಡು ಕೂತಿದ್ದ ಅವನಿಗೆ ಕೇಳಿಸಿರಲಿಲ್ಲ. ಕೇಳಿಸಿರಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ? ಕಚೇರಿಯ ಹತ್ತಿರದ ಉಳ್ಳೂರಿನಲ್ಲಿ ಅವನ ಬಾಡಿಗೆ ಕೋಣೆಯ ಗೋಡೆಯಾಚೆ ಗಂಡಹೆಂಡಿರಿಬ್ಬರಿದ್ದರು, ಆಸ್ಪತ್ರೆಯ ಕಡೆ ಕೆಲಸದವರು. ಕೆಲವು ಸಂಜೆ ಆ ಕಡೆಯಿಂದ ಏನೋ ಬಿದ್ದ ಸದ್ದು, ಆಮೇಲೆ ಮೂಗು ಸೇದುವ ಸದ್ದು. ಅವನು ಎದ್ದು ಫ್ಯಾನನ್ನು ಐದಕ್ಕೆ ತಿರುಗಿಸಿ ಬಂದು ಮಲಗುತ್ತಿದ್ದ. ಮರುದಿನ ಆ ಹೆಂಗಸು ಬಾವಿಯ ಹತ್ತಿರ ಸಿಕ್ಕರೆ, ಸೆಖೆ ಎಷ್ಟು ಹೆಚ್ಚಾಗಿದೆ ಎಂದು ಮಲಯಾಳದಲ್ಲಿ ಮಾತಾಡಿಸುತ್ತಿದ್ದ. ಅವಳೂ ಸೆಖೆಯ ಬಗ್ಗೆಯೇ ಮಾತಾಡುತ್ತಿದ್ದಳು.

"ಕವಿತೆ ಓದಿದೆ ಸಾರ್, ನಾನೇ ಅಚ್ಚು ಹಾಕ್ಸಿದ್ದು," ಎಂದ ಪ್ರಮೋದ್. "ಚೆನ್ನಾಗಿದೆ. ಆ ದೀಪದ ಸಾಲು ಮಾತ್ರ ಸೂಪರ್. ಯಾರು ಬರೆದ್ರೋ ಗೊತ್ತಿಲ್ಲ, ಹೆಸರೆಲ್ಲ ನಮ್ಮ ಅಧ್ಯಕ್ಷೆ ಸುಬ್ಬಲಕ್ಷ್ಮಮ್ಮನ ಹತ್ರ." ನಿತ್ಯಾನಂದ ಹೊರಗೆ ನೋಡಿದ. ಗೋದಾಮಿನ ಗೋಡೆ, ಕ್ರೇನುಗಳು, ಬಿಳಿ ಸಮವಸ್ತ್ರದ ನೌಕಾಪಡೆಯವರ ಒಂದು ಗುಂಪು. ಹಾಗಾದರೆ ಇವನಿಗೆ ಗೊತ್ತಾಗಿಲ್ಲ. ತನ್ನ ಬೆರಳಿನ ಸದ್ದು ತನಗೇ ಕೇಳಿಸದಷ್ಟು ಅಭ್ಯಾಸವಾಗಿಬಿಟ್ಟಿದೆ. ಅಥವಾ ದೀಪ ಹಚ್ಚಿದ ಆ ಸಾಲು ಅವನ ಕಣ್ಣಿಗೆ ಮಣ್ಣೆರಚಿದೆ. ತಾನು ಬಾಲ ಅಂಟಿಸಿದ್ದರಿಂದಲೇ ಆ ಹೆಣ್ಣುಮಗಳು ಇವತ್ತಿನವರೆಗೆ ಉಳಿದಳೇನೋ ಎಂದು ಯೋಚನೆ ಬಂದದ್ದೇ ನಿತ್ಯಾನಂದನಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಂತಾಯಿತು. ವಿರಹದ ಕವಿತೆ ಎಂದೇ ಹೇಳಿಬಿಡಬೇಕು. ಹೆಸರು ಕರೆದಾಗ ಗಂಡ ಹಿಗ್ಗಬೇಕು, ನನಗಾಗಿ ಕಾಯುವ ಹೆಂಡತಿ ಎಂದು ನಾಲ್ಕು ಜನರ ಮುಂದೆ ಎದೆಯುಬ್ಬಿಸಬೇಕು. ನಿಜ ಹೇಳಿದರೆ ತಾನು ರೈಲು ಹತ್ತಿ ಹೋಗುತ್ತೇನೆ, ಅವಳು ಇವನ ಕಾರು ಹತ್ತಿ ಹೋಗಬೇಕು. ಹೌದು, ಅವಳ ಒಳ್ಳೆಯದಕ್ಕೇ. ಆದರೆ ಹಾಗೆ ಅಂದುಕೊಂಡಾಗ ಎದೆಯ ಭಾರ ಇಳಿದದ್ದನ್ನು ನೋಡಿ ಅವನಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಇದರಲ್ಲಿ ಅವಳ ಒಳ್ಳೆಯದು ಎಷ್ಟು, ತನ್ನ ಪುಕ್ಕಲುತನ ಎಷ್ಟು ಎಂದು ಬೇರ್ಪಡಿಸಲು ಅವನಿಗೆ ಆಗಲಿಲ್ಲ.

ಸಭಾಂಗಣದಲ್ಲಿ ಸುಬ್ಬಲಕ್ಷ್ಮಿಯವರು ಸಿಕ್ಕಿದ ಕೂಡಲೇ ಅವನು ಅವರನ್ನು ಪಕ್ಕಕ್ಕೆ ಕರೆದ. ಎಪ್ಪತ್ತು ದಾಟಿದ ಧಾರವಾಡದ ಹೆಂಗಸು, ಗಂಡ ಬಂದರಿನಲ್ಲಿ ದುಡಿದು ತೀರಿಕೊಂಡ ಮೇಲೂ ಕೊಚ್ಚಿ ಬಿಟ್ಟು ಹೋಗದವರು. "ಅಮ್ಮ, ಈ ಸಲ ಕವಿಯ ಹೆಸರು ಹೇಳದಿದ್ದರೆ ಆಗ್ತದಾ? ಬಹುಮಾನ ಮನೆಗೆ ಮುಟ್ಟಿಸಿದರಾಯ್ತು," ಎಂದ. ಅವರು ಕನ್ನಡಕದ ಮೇಲಿಂದ ನೋಡಿದರು. "ಹೆಸರು ಹೇಳದ ಬಿಟ್ರ ಹೆಂಗ್ರಿ? ಅದಕ್ಕಂತ ಅಲ್ಲೇನು ಮಂದಿ ಬರೂದು? ಯಾಕ, ಏನಾತು?" ಅವನು ಬಾಯಿ ತೆರೆದ. ಆಗ ಅವರ ಹಿಂದೆ, ಮೆಟ್ಟಿಲಲ್ಲಿ, ಹಸಿರು ಸೀರೆಯ ಒಬ್ಬ ಹೆಂಗಸು ಒಂದು ರಟ್ಟಿನ ಡಬ್ಬ ಹೊತ್ತು ಏದುಸಿರು ಬಿಡುತ್ತ ಹತ್ತಿ ಬಂದಳು. ಸೊಂಟದ ಹತ್ತಿರ ಸೆರಗು ಹಿಡಿದು ಮೂರು ನಾಲ್ಕು ವರ್ಷದ ಹೆಣ್ಣು ಮಗು. ಡಬ್ಬವನ್ನು ಮೇಜಿನ ಮೇಲಿಟ್ಟು ಅವಳು ಮೊದಲು ನೋಡಿದ್ದು ಅಲ್ಲಿ ನಿಂತಿದ್ದ ಪ್ರಮೋದನ ಮುಖವನ್ನಲ್ಲ, ಅವನ ಕೈಯನ್ನು. ಆಮೇಲೆ ನಿತ್ಯಾನಂದನ ಕಡೆ ತಿರುಗಿ, "ನಮಸ್ಕಾರ ಸಾರ್, ನೀವು ಬಂದ್ರಲ್ಲ, ಸಾಕು," ಎಂದಳು. ಯಾವ ಕೈಯಲ್ಲೂ ಬಳೆ ಇರಲಿಲ್ಲ. "ಎಂತ ಇಲ್ಲಮ್ಮ, ಸುಮ್ಮನೆ ಕೇಳಿದೆ," ಎಂದು ಅವನು ಸುಬ್ಬಲಕ್ಷ್ಮಿಯವರಿಗೆ ಹೇಳಿದ.

ನಲವತ್ತು ಐವತ್ತು ಮನೆಯವರು ಸೇರಿದ್ದರು. ಐಟಿ ಪಾರ್ಕಿನ ಹುಡುಗರು, ಕಾಲೇಜಿನ ಹುಡುಗಿಯರು, ಕನ್ನಡ ಅರ್ಥವಾದರೂ ತಮ್ಮೊಳಗೆ ಮಲಯಾಳದಲ್ಲೇ ಜಗಳವಾಡುವ ಮಕ್ಕಳು. ನಿತ್ಯಾನಂದ ಎದ್ದು ನಿಂತು ಮೈಕು ಸರಿಮಾಡಿಕೊಂಡ. ಮಾತು ಶುರುವಾದದ್ದೇ ತಡ ಅದು ತಾನಾಗಿಯೇ ಹರಿಯಿತು, ಹನ್ನೊಂದು ವರ್ಷ ಕೈಪಿಡಿ ಬರೆದ ನಾಲಗೆ. ಲಿಫ್ಟಿನ ಮಹಡಿಗಳು, ಚಿಕ್ಕದಾಗುವ ಉಸಿರು, ನಿಟ್ಟುಸಿರಿನ ಖಾಲಿ ಜಾಗ, ಜಾರಿದ ಬಳೆ. ಟೀವಿಯ ಸದ್ದಿನಿಂದ ಮೌನಕ್ಕೆ, ಕತ್ತಲೆಯಿಂದ ದೀಪಕ್ಕೆ ಈ ಕವಿತೆ ನಡೆಯುತ್ತದೆ, ನಡಿಗೆಯೇ ಅದರ ಆಶಯ, ಎಂದ. ಒಂದು ಕಡೆ ತಾನೇ ಮೆಚ್ಚಿಕೊಂಡು ಸ್ವಲ್ಪ ಹೊತ್ತು ನಿಂತ. ಮುಂದಿನ ಸಾಲಿನಲ್ಲಿ ಪ್ರಮೋದ್ ತಲೆಯಾಡಿಸುತ್ತಿದ್ದ. ಅವನ ಪಕ್ಕದಲ್ಲಿ ನಿಕಿತಾ ಹಾಳೆಯನ್ನು ನೋಡುತ್ತಿರಲಿಲ್ಲ, ನೇರವಾಗಿ ನಿತ್ಯಾನಂದನ ಬಾಯನ್ನೇ ನೋಡುತ್ತಿದ್ದಳು. ಮೊದಲು ಆ ನೋಟದಲ್ಲಿ ಏನೋ ಕಾಯುವಿಕೆಯಿತ್ತು. ಬಳೆಯ ಮಾತು ಬಂದಾಗ ಅದು ಹೋಯಿತು. ಮನೆಯವರು ಬರುತ್ತಾರೆಂದು ಎದ್ದು ನಿಂತು, ಬಂದವರು ಬೇರೆ ಯಾರೋ ಎಂದು ಗೊತ್ತಾದಾಗ ಕೂರುತ್ತಾರಲ್ಲ, ಹಾಗೆ. ಅವನು ಕಣ್ಣು ತಪ್ಪಿಸಿ ಹಿಂದಿನ ಸಾಲಿನವರಿಗೆ ಮಾತಾಡಿ ಮುಗಿಸಿದ. ಚಪ್ಪಾಳೆ ಬಿತ್ತು.

ಸುಬ್ಬಲಕ್ಷ್ಮಿಯವರು ಲಕೋಟೆ ಒಡೆದು ಹೆಸರು ಕರೆದಾಗ ಪ್ರಮೋದ್ ಬೆಚ್ಚಿ ಪಕ್ಕಕ್ಕೆ ತಿರುಗಿದ, ಆಮೇಲೆ ಜೋರಾಗಿ ನಕ್ಕ. "ಏನೇ ಇದು! ನನಗೂ ಹೇಳಿಲ್ವಲ್ಲೇ!" ಹಿಂದಿನ ಹುಡುಗರು ಶಿಳ್ಳೆ ಹೊಡೆದರು, ಯಾರೋ "ಪ್ರಮೋದಣ್ಣ, ದಿನಾ ಲಿಫ್ಟಲ್ಲೇ ಹೋಗಿ ಇನ್ಮೇಲೆ," ಎಂದರು. ಅವನು ಕೆಂಪಾಗಿ ಕೈ ಮುಗಿದ. ಎಲ್ಲ ಅಂದುಕೊಂಡಂತೆಯೇ ಆಯಿತು. ನಿತ್ಯಾನಂದ ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂತ. ನಿಕಿತಾ ವೇದಿಕೆ ಹತ್ತಿ ಶಾಲು ಹೊದಿಸಿಕೊಂಡಳು, ಮೈಕಿನ ಮುಂದೆ ನಿಂತಳು. ಕವಿ ಎರಡು ಮಾತಾಡುವುದೂ ಅವರ ಪದ್ಧತಿ.

"ಸಾರ್ ತುಂಬ ಚೆನ್ನಾಗಿ ಮಾತಾಡಿದ್ರು," ಎಂದಳು. "ಆದ್ರೆ ಹತ್ತನೇ ಸಾಲು ನಾನು ಬರೆದಿದ್ದಲ್ಲ."

ಸಭೆಗೆ ಅರ್ಥವಾಗಲಿಲ್ಲ. ಸುಬ್ಬಲಕ್ಷ್ಮಿಯವರು, "ಹಂಗಾದ್ರ ಯಾರ ಬರದ್ರು?" ಎಂದರು. ನಿತ್ಯಾನಂದ ಕೂತಲ್ಲಿಂದಲೇ, "ನಾನು," ಎಂದ. ಬೆಳಗಿನಿಂದ ಹೆದರಿದ್ದ ಅವಮಾನ ಇದೇ ತಾನೆ? ಅದು ಬಂದು ಹೋಯಿತು, ಎಲ್ಲೂ ತಾಗಲಿಲ್ಲ. "ಅಪೂರ್ಣ ಅಂತ ಕಂಡಿತು," ಎಂದ.

"ಅಪೂರ್ಣ ಅಲ್ಲ ಸಾರ್." ಅವಳು ಈಗ ಅವನ ಕಡೆಗೇ ತಿರುಗಿದ್ದಳು. "ಅಲ್ಲಿ ಯಾಕೆ ಏನೂ ಇಲ್ಲ ಅಂತ ನೀವೇ ಹೇಳಿ. ಇಷ್ಟು ಓದಿದೋರು ನೀವು. ಎಲ್ಲರ ಮುಂದೆ ಯಾರಾದ್ರೂ ಹೇಳ್ತಾರೆ ಅಂತಾನೇ ನಾನು ಕಳಿಸಿದ್ದು."

ಹಾಗಾದರೆ ಅವಳಿಗೆ ಮುಚ್ಚಿಡುವುದು ಬೇಕಿರಲಿಲ್ಲ. ಈ ಸಭೆಯ ಪದ್ಧತಿಯನ್ನು ನಂಬಿ, ತನ್ನ ಬಾಯಿಂದ ಹೊರಡದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸಲು ಅವಳು ಒಂಬತ್ತು ಸಾಲು ಬರೆದು ಕಾದಿದ್ದಳು. ಆ ಬಾಯಿ ಅವನದಾಗಿತ್ತು. ನಿತ್ಯಾನಂದ ಎದ್ದ. ಪ್ರಮೋದ್ ಇನ್ನೂ ನಗುತ್ತಲೇ ಅವನನ್ನು ನೋಡುತ್ತಿದ್ದ, ಕಣ್ಣು ಮಾತ್ರ ನಗುತ್ತಿರಲಿಲ್ಲ. ಅಚ್ಚಿನ ದೋಷ ಎಂದುಬಿಡಬಹುದು. ಹೊಸ ಕಾವ್ಯದಲ್ಲಿ ಮೌನಕ್ಕೂ ಅರ್ಥವಿದೆ ಎಂದು ಎರಡು ಮಾತು ಹಾರಿಸಿ ಊಟಕ್ಕೆ ಏಳಬಹುದು. ಅವನಿಗೆ ಹೆದರಿಕೆಯಾಯಿತು, ನಾಚಿಕೆ ಬಿಟ್ಟು ಹೇಳುವುದಾದರೆ ಉಚ್ಚೆ ಬರುವಷ್ಟು ಹೆದರಿಕೆ. ಅವಳು ಮೈಕನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳೇ ಹಿಡಿದುಕೊಂಡಳು, ಅವನು ಬಗ್ಗಿ ಮಾತಾಡಿದ.

"ನಾನು ಆಗ ಹೇಳಿದ್ದು ಸರಿ ಅಲ್ಲ. ಇದರಲ್ಲಿ ಲಿಫ್ಟು ಇಲ್ಲ. ಎಣಿಕೆ ಬೆರಳಿನದ್ದು. ಐದಾದ ಮೇಲೆ ಜಾಗ ಬಿಟ್ಟದ್ದು ಕೈ ಬದಲಾಯಿಸುವುದಕ್ಕೆ." ಯಾರೋ ಮಗುವನ್ನು ಸುಮ್ಮನಿರಿಸಿದರು. "ಒಂದರಿಂದ ಒಂಬತ್ತರವರೆಗೆ ಪ್ರತಿ ಸಾಲೂ ಅವಳು ಮಾಡಿದ್ದು. ಇಳಿಸಿದೆ, ತಳ್ಳಿದೆ, ಕಟ್ಟಿದೆ, ನಕ್ಕೆ, ನಿಂತೆ. ಹತ್ತನೆಯದು ಅವಳು ಮಾಡಿದ್ದಲ್ಲ. ಅವಳಿಗೆ ಮಾಡಿದ್ದು. ಹಾಗಾಗಿ ಅದನ್ನು ಅವಳು ಬರೆಯಲಿಲ್ಲ. ಇದು ಕಾಯುವ ಕವಿತೆ ಅಲ್ಲ. ಹೆದರಿಕೆಯ ಕವಿತೆ."

ಹಾಳೆಗಳು ಸರಸರ ಎಂದವು, ಜನ ಮತ್ತೆ ಓದುತ್ತಿದ್ದರು. ಸುಬ್ಬಲಕ್ಷ್ಮಿಯವರು ಕನ್ನಡಕ ತೆಗೆದು, ಹಾಕಿ, ನಿಕಿತಾಳ ಬರಿದಾದ ಕೈಗಳನ್ನು ನೋಡಿದರು. ಆಗ ಪ್ರಮೋದ್ ಎದ್ದ. ನಿತ್ಯಾನಂದನ ಚೀಲವನ್ನು ತನ್ನ ಕುರ್ಚಿಯ ಕೆಳಗಿಂದ ತೆಗೆದು ಹೆಗಲಿಗೆ ಹಾಕಿಕೊಂಡ. "ತುಂಬಾ ಚೆನ್ನಾಗಿ ಹೇಳಿದ್ರಿ ಸಾರ್, ಅಷ್ಟೆಲ್ಲ ಅರ್ಥ ಇರತ್ತೆ ಅಂತ ನಮಗೆಲ್ಲಿ ಗೊತ್ತಾಗ್ಬೇಕು," ಎಂದ, ಬೆಳಗ್ಗೆ ಚಾಯ ಕೊಡಿಸಿದ ಅದೇ ದನಿಯಲ್ಲಿ. "ನಿಮ್ಮ ಟ್ರೈನಿಗೆ ಹೊತ್ತಾಯ್ತು, ಬನ್ನಿ. ನಿಕಿ, ಪಾಪುನ ಎತ್ಕೋ. ಸಾರನ್ನ ಬಿಟ್ಟು ಹಾಗೇ ಮನೆಗೆ ಹೋಗೋಣ." ರೈಲಿಗೆ ಇನ್ನೂ ನಾಲ್ಕು ಗಂಟೆಯಿತ್ತು. ಊಟವೂ ಆಗಿರಲಿಲ್ಲ. ಅದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೊಬ್ಬರೂ ಬಾಯಿ ತೆರೆಯಲಿಲ್ಲ. ನಿತ್ಯಾನಂದನೂ ತೆರೆಯಲಿಲ್ಲ. ಅವನಲ್ಲಿದ್ದಷ್ಟು ಧೈರ್ಯ ಖರ್ಚಾಗಿಹೋಗಿತ್ತು.

ನಿಕಿತಾ ವೇದಿಕೆಯಿಂದ ಇಳಿಯಲಿಲ್ಲ. ಮಗು ಕೆಳಗಿನಿಂದ "ಅಮ್ಮೇ, ಪೋಕಾಂ, ಹೋಗೋಣ" ಎಂದು ಕೈ ಚಾಚಿತು. ಅವಳು ಬಗ್ಗಿ ಅದನ್ನು ಮೇಲೆ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ಮೈಕು ಹಾಗೇ ಇತ್ತು.

"ನಾನು ಬರಲ್ಲ," ಎಂದಳು.

ಹೊರಗೆ ವರಾಂಡದಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದವರಿಗೂ ಅದು ಕೇಳಿಸಿತು, ಅವರು ಕೈ ನಿಲ್ಲಿಸಿ ಒಳಗೆ ನೋಡಿದರು.